ಹಗುರ ಇದ್ದರೆ ಸಾಕೇನು?

ದಾಬೋಲಿಮ್ ಸುತ್ತಮುತ್ತಲಿನ ಮಕ್ಕಳಿಗೆ ವಿಮಾನದ ಸದ್ದು ಹೊಸದೇನಲ್ಲ. ಆದರೆ ಇಲ್ಲಿನ ನೌಕಾಪಡೆಯ ಐಎನ್‌ಎಸ್ ಹಂಸ ನೆಲೆಯಲ್ಲಿ 2014ರ ಡಿಸೆಂಬರ್ 20ರಂದು ನಡೆದದ್ದು ನಿಮಗೆ ಗೊತ್ತಿರಲಿಕ್ಕಿಲ್ಲ. ಅಂದು ಬೆಂಗಳೂರಿನಲ್ಲಿ ತಯಾರಾದ ನೌಕಾ ತೇಜಸ್, ತುದಿ ಮೇಲಕ್ಕೆ ಬಾಗಿದ ಗಿಡ್ಡ ಓಡುದಾರಿಯಿಂದ ಮೊದಲ ಸಲ ಹಾರಿತು. ತೇಜಸ್‌ನ ಒಡಲಿನ ತೂಕದಲ್ಲಿ ಸುಮಾರು ಶೇ. 45ರಷ್ಟು ಕಾಂಪೊಸಿಟ್, ಅಂದರೆ ಇಂಗಾಲದ ನೂಲನ್ನು ರಾಳದಲ್ಲಿ ಕೂಡಿಸಿ ಗಟ್ಟಿ ಮಾಡಿದ ವಸ್ತು. (ಇದನ್ನು ‘ಸಂಯುಕ್ತ’ ಅಂತ ಬರೆದರೆ ರಸಾಯನಶಾಸ್ತ್ರದ ಸಂಯುಕ್ತದ ಜೊತೆ ಗೊಂದಲವಾಗ್ತದೆ. ಅದಕ್ಕೇ ಕಾಂಪೊಸಿಟ್ ಅಂತಲೇ ಇಟ್ಟುಕೊಂಡಿದ್ದೇನೆ.)

ಇಷ್ಟು ಹಗುರ ವಸ್ತು ಹಾಕಿದ ಮೇಲೂ ಏನಾಯ್ತು ನೋಡ್ರಿ. 2016ರ ಡಿಸೆಂಬರ್‌ನಲ್ಲಿ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಸುನಿಲ್ ಲಾಂಬಾ ಅವರು, ಹಡಗಿನ ಮೇಲಿಂದ ಕೆಲಸ ಮಾಡಲು ಈ ವಿಮಾನ ಭಾರವಾಯಿತು ಎಂದರು. ಆಮೇಲೆ 2020ರ ಜನವರಿ 11ರಂದು ಅದು ಐಎನ್‌ಎಸ್ ವಿಕ್ರಮಾದಿತ್ಯ ಹಡಗಿನ ಮೇಲೆ ಇಳಿಯಿತು ಅನ್ನೋದು ಬೇರೆ ಮಾತು. ‘ಹಗುರ ವಸ್ತು ಹಾಕಿದರೆ ಎಲ್ಲಾ ಸರಿಹೋಗ್ತದೆ’ ಅಂತ ವಿಜ್ಞಾನ ಪ್ರದರ್ಶನದ ಚಾರ್ಟುಗಳಲ್ಲಿ ಬರೆಯುತ್ತೇವಲ್ಲ, ಅದರ ಬಗ್ಗೆ ನನಗೆ ತಕರಾರಿದೆ. ಆ ತಕರಾರು ಸ್ಪಷ್ಟವಾಗಬೇಕಾದರೆ ಆಕಾಶ ಬಿಟ್ಟು ಬಾವಿಗೆ ಇಳಿಯಬೇಕು, ಅದೂ ಎಣ್ಣೆಬಾವಿಗೆ.

ಗೋವಾದಲ್ಲಿ ಎಣ್ಣೆಬಾವಿ ಇಲ್ಲ. ಬೇತುಲ್‌ನಲ್ಲಿ ಓಎನ್‌ಜಿಸಿಯ ಸುರಕ್ಷತಾ ಸಂಸ್ಥೆ ಮಾತ್ರ ಇದೆ. ಗುಜರಾತಿನ ಮೆಹ್ಸಾಣಾ ಕಡೆ ಹೋದರೆ ಹೊಲದ ನಡುವೆ ಕುದುರೆಯಂತೆ ತಲೆ ಆಡಿಸುವ ಯಂತ್ರಗಳು ಕಾಣ್ತವೆ. ನಮ್ಮ ಹಳೆಯ ಏತ ನೆನಪಿಸಿಕೊಳ್ಳಿ: ಒಂದು ತುದಿಗೆ ನೀರು, ಇನ್ನೊಂದು ತುದಿಗೆ ಕಲ್ಲು. ಇದೂ ಹಾಗೇ. ಒಂದು ಕಡೆ ಎದುರುತೂಕ, ಇನ್ನೊಂದು ಕಡೆ ಬಾವಿಯೊಳಗೆ ಇಳಿಬಿಟ್ಟ ಉದ್ದನೆಯ ರಾಡುಗಳ ಸಾಲು. ಸಾಲಿನ ಕೊನೆಯಲ್ಲಿ ಕವಾಟ ಇರುವ ಪ್ಲಂಜರ್. ಅದು ಮೇಲೆ ಬಂದಾಗ ಎಣ್ಣೆ ಎತ್ತುತ್ತದೆ, ಕೆಳಗೆ ಇಳಿಯುವಾಗ ಕವಾಟ ತೆರೆದು ಎಣ್ಣೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ಈಗ ಸ್ವಲ್ಪ ಲೆಕ್ಕ. 22 ಮಿ.ಮೀ. ದಪ್ಪದ ಉಕ್ಕಿನ ರಾಡು ಮೀಟರಿಗೆ ಸುಮಾರು 3 ಕಿಲೋ ತೂಗುತ್ತದೆ. ಬಾವಿ 1500 ಮೀಟರ್ ಆಳ ಇದ್ದರೆ ರಾಡುಗಳ ತೂಕವೇ ನಾಲ್ಕೂವರೆ ಟನ್! ಅಷ್ಟನ್ನೂ ಹೊರಬೇಕಾದದ್ದು ಎಲ್ಲಕ್ಕಿಂತ ಮೇಲಿನ ರಾಡು. ನಿಮಿಷಕ್ಕೆ 6 ಸಲ ಮೇಲೆ ಕೆಳಗೆ ಆದರೂ ವರ್ಷಕ್ಕೆ 31 ಲಕ್ಷ ಸಲ ದಾಟುತ್ತದೆ. ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸುತ್ತಾ ಹೋದರೆ ಕೊನೆಗೆ ಪಟ್ ಅಂತ ಮುರಿಯುತ್ತದಲ್ಲ, ಉಕ್ಕಿನ ರಾಡೂ ಹಾಗೇ ದಣಿಯುತ್ತದೆ. ಬಾವಿಯೊಳಗಿನ ಉಪ್ಪುನೀರು ಅದನ್ನು ತಿನ್ನುತ್ತದೆ. ವಾಸ್ಕೋದಲ್ಲಿ ಮನೆ ಗೇಟಿನ ಗತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದಕ್ಕೇ ಗಾಜಿನ ನೂಲು ಮತ್ತು ರಾಳದಿಂದ ಮಾಡಿದ ರಾಡು ಬಂತು. ಉಕ್ಕಿನ ಸಾಂದ್ರತೆ 7.85, ಇದರದ್ದು ಸುಮಾರು 2. ತುಕ್ಕು ಹಿಡಿಯುವ ಮಾತೇ ಇಲ್ಲ. ನಮ್ಮ ಮೀನುಗಾರರ ಫೈಬರ್ ದೋಣಿಗೆ ಇದು ಹತ್ತಿರದ ನೆಂಟ.

ಜಾಣ ಹುಡುಗಿಯೊಬ್ಬಳು ಕೇಳಬಹುದು: “ಸರ್, ಆ ಕಡೆ ಎದುರುತೂಕ ಇದ್ದೇ ಇದೆಯಲ್ಲ. ರಾಡು ಭಾರ ಇದ್ದರೇನು, ಹಗುರ ಇದ್ದರೇನು?” ಅರ್ಧ ಸರಿ. ಎದುರುತೂಕ ಹಾಕಿದ ಮೇಲೆ ಮೋಟರಿಗೆ ರಾಡಿನ ಹೊರೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಹಾಗಾಗಿ ತೂಕ ಎಷ್ಟು ಇಳಿಯಿತೋ ಕರೆಂಟ್ ಬಿಲ್ಲೂ ಅಷ್ಟೇ ಇಳಿಯುತ್ತದೆ ಅನ್ನುವುದು ತಪ್ಪು. ಲಾಭ ಇರುವುದು ಬೇರೆ ಕಡೆ: ಮೇಲಿನ ರಾಡಿನ ಎಳೆತ ಕಡಿಮೆ, ಗೇರ್‌ಬಾಕ್ಸಿನ ಮೇಲೆ ಭಾರ ಕಡಿಮೆ, ಇದ್ದ ಯಂತ್ರದಲ್ಲೇ ಇನ್ನಷ್ಟು ಆಳದಿಂದ ಎತ್ತಬಹುದು.

ಹಾಗಾದ್ರೆ 1500 ಮೀಟರೂ ಗಾಜಿನ ನೂಲಿನದ್ದೇ ಹಾಕಬಾರದಾ? ಹಾಕಲ್ಲ. ಯಾಕಂದ್ರೆ ಈ ರಾಡು ಎಳೆತಕ್ಕೆ ಗಟ್ಟಿ, ಒತ್ತಡಕ್ಕೆ ಸಿಕ್ಕರೆ ಬಾಗಿ ಸೀಳುತ್ತದೆ. ಪ್ಲಂಜರ್ ಇಳಿಯುವಾಗ ಕೆಳಗಿನಿಂದ ತಡೆ ಬರುತ್ತದೆ. ಆಗಲೂ ಸಾಲು ಬಿಗಿಯಾಗಿಯೇ ಇರಬೇಕಾದರೆ ಕೆಳತುದಿಯಲ್ಲಿ ಭಾರ ಬೇಕು. ಆದ್ದರಿಂದ ಮೇಲೆ ಗಾಜಿನ ನೂಲು, ಕೆಳಗೆ ಉಕ್ಕು. ಮೇಲಿನ 900 ಮೀಟರ್ ಗಾಜಿನ ನೂಲಿನದು, ಕೆಳಗಿನ 600 ಉಕ್ಕಿನದು ಅಂತಿಟ್ಟುಕೊಂಡರೆ ಒಟ್ಟು ತೂಕ ಎರಡೂವರೆ ಟನ್ನಿನಷ್ಟು. ನಾಲ್ಕೂವರೆಯಿಂದ ಎರಡೂವರೆ: ಇದೇನು ಸಣ್ಣ ಉಳಿತಾಯವಲ್ಲ, ಆದರೆ ಉಕ್ಕು ಬಿಟ್ಟು ನಡೆಯಲಿಲ್ಲ.

ಈ ಮಾತು ನಿಮ್ಮೂರಿನ ಕೈಪಂಪಿನಲ್ಲೂ ಇದೆ. ಬೇಸಿಗೆ ರಜೆಗೆ ವಿಜಯಪುರ, ಬಾಗಲಕೋಟೆ ಕಡೆ ಹೋದಾಗ ಜಗ್ಗುತ್ತೀರಲ್ಲ, ಆ ಇಂಡಿಯಾ ಮಾರ್ಕ್-2. ನಮ್ಮ ಗಡಿಯಾಚೆಯ ಸೊಲ್ಲಾಪುರದಲ್ಲಿ ರೂಪುಗೊಂಡ ಪಂಪನ್ನು ಮುಂದಿಟ್ಟುಕೊಂಡು 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ಬೆಳೆದ ಮಾದರಿ ಅದು. ಅದರ ಹಿಡಿಕೆಗೂ ಒಳಗಿನ ರಾಡಿಗೂ ನಡುವೆ ಇರುವುದು ಸರಪಳಿ. ಸರಪಳಿ ಎಳೆಯುತ್ತದೆ, ದೂಡಲಾರದು. ಹಾಗಾದರೆ ಪ್ಲಂಜರ್ ಕೆಳಗೆ ಇಳಿಯೋದು ಹೇಗೆ? ರಾಡುಗಳ ತೂಕದಿಂದಲೇ! ಅಲ್ಲಿ ರಾಡನ್ನು ತೀರಾ ಹಗುರ ಮಾಡಿದರೆ ಪಂಪು ಕೆಲಸವೇ ಮಾಡಲ್ಲ.

ಇನ್ನೊಂದು ತೊಂದರೆ ಜಗ್ಗುವಿಕೆಯದು. ಗಾಜಿನ ನೂಲಿನ ರಾಡು ಉಕ್ಕಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಹಿಗ್ಗುತ್ತದೆ. ಎಣ್ಣೆಯ ಭಾರ 2 ಟನ್ ಅಂದುಕೊಳ್ಳಿ. ಪೂರಾ ಉಕ್ಕಿನ ಸಾಲು ಸುಮಾರು 40 ಸೆಂ.ಮೀ. ಹಿಗ್ಗಿದರೆ, ನಮ್ಮ ಬೆರಕೆ ಸಾಲು ಒಂದು ಮೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ಅಂದರೆ ಮೇಲೆ ಯಂತ್ರ ಒಂದು ಮೀಟರ್ ಎಳೆದರೂ ಕೆಳಗೆ ಪ್ಲಂಜರ್ ಅಲ್ಲಾಡಿರುವುದಿಲ್ಲ. ವೇಗ ಸರಿಯಾಗಿ ಹೊಂದಿಸಿದರೆ ರಬ್ಬರಿನಂತೆ ಹಿಗ್ಗಿ ಕುಗ್ಗುವ ಇದೇ ಗುಣ ಪ್ಲಂಜರನ್ನು ಹೆಚ್ಚು ದೂರ ಓಡಿಸುವುದೂ ಉಂಟು. ಹೊಂದಿಸದಿದ್ದರೆ ಯಂತ್ರ ಸುಮ್ಮನೆ ತಲೆ ಆಡಿಸುತ್ತಿರುತ್ತದೆ.

ಮುರಿದಾಗಿನ ಪಾಡು ಕೇಳಿ. ಬಾವಿಯೊಳಗೆ ಬಿದ್ದದ್ದನ್ನು ಹಿಡಿದೆತ್ತುವ ಕೆಲಸಕ್ಕೆ ತೈಲದವರು ‘ಫಿಷಿಂಗ್’ ಅಂತಾರೆ, ಮೀನು ಹಿಡಿದ ಹಾಗೆ. ಉಕ್ಕಿನ ತುಂಡನ್ನು ಹಿಡಿಯಬಹುದು. ಗಾಜಿನ ನೂಲಿನದು ಮುರಿದರೆ ತುದಿ ಪೊರಕೆಯಂತೆ ಸೀಳಿಕೊಳ್ಳುತ್ತದೆ, ಹಿಡಿಯೋದು ಕಷ್ಟ.

ನನ್ನ ಅಭಿಪ್ರಾಯ ಇಷ್ಟು: ಆಳ ಹೆಚ್ಚಿದ್ದು, ಉಪ್ಪುನೀರು ಉಕ್ಕನ್ನು ತಿನ್ನುತ್ತಿರುವ ಬಾವಿಗೆ ಬೆರಕೆ ಸಾಲು ಹಾಕಲಿ. ಕಡಿಮೆ ಆಳದ, ತುಕ್ಕಿನ ಕಾಟ ಇಲ್ಲದ ಬಾವಿಗೆ ಹೊಸದು ಅನ್ನೋ ಕಾರಣಕ್ಕೆ ಹಾಕುವುದು ದುಡ್ಡು ಹಾಳು. ಹಾಕುವ ಮೊದಲೇ, ಕೆಟ್ಟ ಮೇಲೆ ವಾಪಸ್ ಯಾರು ತಗೋತಾರೆ ಅಂತಲೂ ಕೇಳಬೇಕು. ಉಕ್ಕಿನ ರಾಡು ಗುಜರಿಗೆ ಹೋಗಿ, ಕರಗಿ, ಮತ್ತೆ ಉಕ್ಕಾಗುತ್ತದೆ. ಒಮ್ಮೆ ಗಟ್ಟಿಯಾದ ರಾಳ ಮತ್ತೆ ಕರಗುವುದಿಲ್ಲ.

ನಮ್ಮ ಪಾಠದಲ್ಲಿ ವಸ್ತು ಅಂದರೆ ಲೋಹ, ಅಲೋಹ ಅಂತ ಎರಡು ಪಟ್ಟಿ ಮಾಡಿ ಮುಗಿಸುತ್ತೇವೆ. ಎರಡನ್ನು ಕೂಡಿಸಿ ಮಾಡಿದ ವಸ್ತುವಿಗೆ ಅಲ್ಲಿ ಜಾಗವೇ ಇಲ್ಲ. ಮುಂದಿನ ವಿಜ್ಞಾನ ಪ್ರದರ್ಶನಕ್ಕೆ ಚಾರ್ಟ್ ಬೇಡ. ಒಂದೇ ಉದ್ದದ ಕಬ್ಬಿಣದ ಸರಳು ಮತ್ತು ಮುರಿದ ಫೈಬರ್ ದೋಣಿಯ ತುಂಡು ತನ್ನಿ. ಎರಡನ್ನೂ ತೂಗಿ, ನೀರಿನಲ್ಲಿ ಮುಳುಗಿಸಿ ಗಾತ್ರ ಅಳೆದು ಸಾಂದ್ರತೆ ತೆಗೆಯಿರಿ. ಆಮೇಲೆ ಎರಡನ್ನೂ ಗುಜರಿ ಅಂಗಡಿಗೆ ಒಯ್ದು ಕಿಲೋಗೆ ಎಷ್ಟು ಕೊಡ್ತೀರಿ ಅಂತ ಕೇಳಿ, ಆ ಉತ್ತರವನ್ನೂ ಪಕ್ಕದಲ್ಲೇ ಬರೆಯಿರಿ.