ಚರ್ಮವಾದ್ಯಗಳೂ ಮೈಕ್ರೊಫೋನೂ

ನವೆಂಬರ್ ತಿಂಗಳು ಬಂದಿತೆಂದರೆ ಬೆಂಗಳೂರಿನ ಹೊರವಲಯದ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ರಾಜ್ಯೋತ್ಸವದ ಸಂಭ್ರಮ ಆರಂಭವಾಗುತ್ತದೆ. ಕಾರ್ಖಾನೆಯ ಅಂಗಳದಲ್ಲಿ, ಗಾಜಿನ ಗೋಡೆಗಳ ಕಟ್ಟಡದ ಹಜಾರದಲ್ಲಿ ವೇದಿಕೆ ಏಳುತ್ತದೆ. ಡೊಳ್ಳಿನವರು ಬರುತ್ತಾರೆ, ತಮಟೆಯವರು ಬರುತ್ತಾರೆ, ಸಂಗೀತ ಕಚೇರಿಯಿದ್ದರೆ ಮೃದಂಗವೂ ಬರುತ್ತದೆ. ಇವರೆಲ್ಲರಿಗಿಂತ ಮೊದಲು ಬಂದು, ಎಲ್ಲರೂ ಹೋದ ಮೇಲೆ ಹೊರಡುವ ವಸ್ತುವೊಂದುಂಟು, ಅದೇ ಮೈಕ್ರೊಫೋನು. ಚರ್ಮವಾದ್ಯಕ್ಕೆ ಇದನ್ನು ಎಲ್ಲಿ ಕಟ್ಟಬೇಕು, ಹೇಗೆ ಕಟ್ಟಬೇಕು, ಕಟ್ಟಲೇಬೇಕೆ ಎಂಬ ಪ್ರಶ್ನೆಗಳನ್ನು ನಮ್ಮಲ್ಲಿ ಕೇಳುವವರು ಕಡಿಮೆ. ಅವನ್ನು ಈ ಬಾರಿ ವಾಚಕರ ಮುಂದಿಡಬೇಕೆಂದು ನಮಗೆ ತೋರಿದೆ.

ಕೆಲವು ಕಾಲದ ಹಿಂದೆ ಪೀಣ್ಯದ ಕಾರ್ಖಾನೆಯೊಂದರ ಅಂಗಳದಲ್ಲಿ ಡೊಳ್ಳು ಕುಣಿತ ನೋಡಲು ನಾವು ಹೋಗಿದ್ದೆವು. ಮುಂದಾಳಿನ ಡೊಳ್ಳಿನ ಎರಡು ಮುಖಗಳಿಗೂ ತಂತಿಯಿಲ್ಲದ ಪುಟ್ಟ ಮೈಕುಗಳನ್ನು ಸಿಕ್ಕಿಸಿದ್ದರು. ವಾದನ ಆರಂಭವಾಯಿತು. ವೇದಿಕೆಯ ಪಕ್ಕದಲ್ಲಿ ನಿಂತವರ ಎದೆ ನಡುಗುತ್ತಿತ್ತು. ಆದರೆ ಧ್ವನಿವರ್ಧಕದಿಂದ ಹೊರಟದ್ದು ಖಾಲಿ ಡಬ್ಬ ಬಡಿದಂಥ ಸದ್ದು. ಸಾಲದೆಂದು ಭಾವಿಸಿ ಯಂತ್ರದ ಬಳಿ ಕುಳಿತವರು ಗುಂಡಿ ತಿರುಗಿಸಿದರು. ಡಬ್ಬದ ಸದ್ದೇ ಇಮ್ಮಡಿಯಾಯಿತು; ಹಿಂದೆಯೇ ಕಿವಿ ಕೊರೆಯುವ ಕೀರಲು ಕೂಗೊಂದು ಎದ್ದಿತು. ಕೊನೆಗೆ ‘ಇನ್ನೂ ಜೋರಾಗಿ ಹೊಡೆಯಿರಿ’ ಎಂದು ವಾದಕರಿಗೇ ಹೇಳಿಕಳುಹಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ದೋಷವು ಡೊಳ್ಳಿನಲ್ಲಿರಲಿಲ್ಲ, ಬಡಿದವರ ತೋಳಿನಲ್ಲಿಯೂ ಇರಲಿಲ್ಲ; ಮೈಕನ್ನು ಕಟ್ಟಿದ ರೀತಿಯಲ್ಲಿತ್ತು.

ಇದು ಹೇಗೆಂಬುದನ್ನು ತಿಳಿಯಬೇಕಾದರೆ ಮೈಕ್ರೊಫೋನು ಏನು ಮಾಡುತ್ತದೆಂಬುದನ್ನು ಮೊದಲು ನೋಡಬೇಕು. ವೈಟ್‌ಫೀಲ್ಡಿನ ಕಡೆಗೆ ಹೋಗುವಾಗ ಕೃಷ್ಣರಾಜಪುರದ ಬಳಿ ದೂರವಾಣಿನಗರ ಸಿಗುತ್ತದೆ. 1948ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಅಲ್ಲಿ ದಶಕಗಳ ಕಾಲ ಟೆಲಿಫೋನುಗಳನ್ನು ತಯಾರಿಸಿತು. ಹಳೆಯ ಟೆಲಿಫೋನಿನಲ್ಲಿ ನಾವು ಬಾಯಿಟ್ಟು ಮಾತಾಡುತ್ತಿದ್ದ, ಇಂಗಾಲದ ಕಣಗಳನ್ನು ತುಂಬಿದ ಬಿಲ್ಲೆಯೂ ಒಂದು ಮೈಕ್ರೊಫೋನೇ. ಇಂದು ವಾದ್ಯಗಳಿಗೆ ಬಳಸುವವು ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ತೆಳುವಾದ ಪೊರೆಗೆ ಅಂಟಿದ ತಂತಿಸುರುಳಿಯು ಅಯಸ್ಕಾಂತದ ಕ್ಷೇತ್ರದಲ್ಲಿ ಅಲುಗುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ನಿಯಮದಂತೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಇನ್ನೊಂದು ಕಂಡೆನ್ಸರ್ ಮೈಕು. ಅದರಲ್ಲಿ ಪೊರೆಗೂ ಅದರ ಹಿಂದಿರುವ ತಗಡಿಗೂ ನಡುವಿನ ಅಂತರ ಬದಲಾದಂತೆ ವಿದ್ಯುತ್ತಿನ ಒತ್ತಡ ಬದಲಾಗುತ್ತದೆ. ಬಗೆ ಯಾವುದಾದರೂ ಆಗಲಿ, ನಮ್ಮ ಕಿವಿಯು ವಾದ್ಯವನ್ನು ದೂರದಿಂದ ಇಡಿಯಾಗಿ ಕೇಳುತ್ತದೆ. ವಾದ್ಯಕ್ಕೆ ಸಿಕ್ಕಿಸಿದ ಮೈಕು ತಾನಿರುವ ಸ್ಥಳದ ಸದ್ದನ್ನು ಮಾತ್ರ ಕೇಳುತ್ತದೆ. ಈ ಭೇದವನ್ನು ಮರೆತುದೇ ನಮ್ಮ ಅನೇಕ ತೊಂದರೆಗಳಿಗೆ ಮೂಲ.

ಡೊಳ್ಳಿನ ಬಲಮುಖಕ್ಕೆ ಕೋಲಿನ ಪೆಟ್ಟು ಬಿದ್ದಾಗ ಅಲ್ಲಿಯ ಚರ್ಮ ಒಳಕ್ಕೆ ಬಾಗುತ್ತದೆ. ಒಳಗಿನ ಗಾಳಿ ಒತ್ತಲ್ಪಟ್ಟು ಎಡಮುಖದ ಚರ್ಮ ಹೊರಕ್ಕೆ ಉಬ್ಬುತ್ತದೆ. ಆದುದರಿಂದ ಆ ಕ್ಷಣದಲ್ಲಿ ಬಲಗಡೆಯ ಮೈಕಿನ ಮುಂದೆ ಗಾಳಿಯ ಒತ್ತಡ ಇಳಿಯುತ್ತದೆ, ಎಡಗಡೆಯ ಮೈಕಿನ ಮುಂದೆ ಏರುತ್ತದೆ. ಎರಡರ ವಿದ್ಯುತ್ತನ್ನೂ ಹಾಗೆಯೇ ಕೂಡಿಸಿದರೆ ಏರು ಇಳಿತವನ್ನು ನುಂಗಿಹಾಕುತ್ತದೆ. ಡೊಳ್ಳಿನ ಜೀವವಾದ ಆಳದ ಗುಡುಗು ಹೀಗೆ ಅಳಿಸಿಹೋಗಿ, ಕೋಲು ತಾಕಿದ ಚಟಚಟ ಮಾತ್ರ ಉಳಿಯುತ್ತದೆ. ಅಂದು ಪೀಣ್ಯದಲ್ಲಿ ನಾವು ಕೇಳಿದ ಡಬ್ಬದ ಸದ್ದು ಇದೇ. ಎಷ್ಟು ಜೋರು ಮಾಡಿದರೂ ಇಲ್ಲದ ಗುಡುಗು ಬಾರದು. ಆದರೆ ಧ್ವನಿಯನ್ನು ಕೂಡಿಸುವ ಯಂತ್ರಗಳಲ್ಲಿ ಒಂದು ಮೈಕಿನ ವಿದ್ಯುತ್ತನ್ನು ತಿರುಗುಮುರುಗು ಮಾಡುವ ಗುಂಡಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದನ್ನೊಮ್ಮೆ ಒತ್ತಿದ್ದರೆ ಸಾಕಾಗಿತ್ತು!

ಮೃದಂಗದ ವಿಷಯ ಇನ್ನೂ ಸೂಕ್ಷ್ಮವಾದುದು. ಬರಿಯ ದುಂಡು ಚರ್ಮದ ಮೂಲಸ್ವರದ ಕಂಪನಸಂಖ್ಯೆಯನ್ನು 1 ಎಂದು ಹಿಡಿದರೆ ಅದರ ಉಪಸ್ವರಗಳು 1.59, 2.14, 2.30 ಎಂದು ಅಡ್ಡಾದಿಡ್ಡಿಯಾಗಿ ಬರುತ್ತವೆ. ಅವು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ಬಲಮುಖದ ನಡುವೆ ಹಚ್ಚುವ ಕಪ್ಪು ಕರಣೆಯು ಈ ಅವ್ಯವಸ್ಥೆಯನ್ನು ಸರಿಪಡಿಸುತ್ತದೆಂಬುದನ್ನು ಸರ್ ಸಿ. ವಿ. ರಾಮನ್ ಅವರು ಶಿವಕಾಳಿ ಕುಮಾರರೊಡನೆ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 1933ರಲ್ಲಿ ಬೆಂಗಳೂರಿಗೆ ಬಂದ ರಾಮನ್ನರು ಮರುವರ್ಷ ಇಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ, ಅದರ ಪತ್ರಿಕೆಯಲ್ಲಿ ಈ ವಿಷಯವನ್ನು ಮತ್ತೆ ವಿಸ್ತಾರವಾಗಿ ಬರೆದರು. ಚರ್ಮದ ಮೇಲೆ ಮರಳು ಉದುರಿಸಿ, ಅದು ಸೇರುವ ಗೆರೆಗಳಿಂದ ಕಂಪನದ ಬಗೆಗಳನ್ನು ಅವರು ಗುರುತಿಸಿದರು. ಮೊದಲ ಒಂಬತ್ತು ಬಗೆಯ ಕಂಪನಗಳು 1, 2, 3, 4, 5 ಎಂಬ ಐದೇ ಮೆಟ್ಟಿಲುಗಳಲ್ಲಿ ಬಂದು ನಿಲ್ಲುತ್ತವೆಂದು ತೋರಿಸಿದರು. ನಮ್ಮ ವಾದ್ಯಗಾರರು ತಲೆಮಾರುಗಳಿಂದ ಕಿವಿಯನ್ನೇ ನಂಬಿ ಸಾಧಿಸಿದ್ದ ಸಿದ್ಧಿ ಇದು.

ಇಷ್ಟು ಕಷ್ಟಪಟ್ಟು ಕೂಡಿಸಿದ ನಾದವನ್ನು ಮೈಕಿನ ಒಂದೇ ತಪ್ಪು ಸ್ಥಾನ ಕೆಡಿಸಬಲ್ಲದು. ಅನೇಕ ಬಗೆಯ ಕಂಪನಗಳಲ್ಲಿ ಚರ್ಮದ ನಡುವೆ ಹಾಯುವ ಗೆರೆಯೊಂದು ಅಲುಗದೆ ನಿಲ್ಲುತ್ತದೆ; ಅದರ ಒಂದು ಪಕ್ಕ ಏರಿದಾಗ ಇನ್ನೊಂದು ಪಕ್ಕ ಇಳಿಯುತ್ತದೆ. ನಡುವಿಗೆ ನೇರವಾಗಿ, ತೀರ ಹತ್ತಿರ ಮೈಕಿಟ್ಟರೆ ಈ ಉಪಸ್ವರಗಳು ಅದಕ್ಕೆ ಬಹುಮಟ್ಟಿಗೆ ಕೇಳಿಸುವುದೇ ಇಲ್ಲ. ಅಂಚಿನ ಕಡೆಗೆ ಸರಿಸಿದರೆ ಅವು ಬೆಳಗುತ್ತವೆ. ಮೈಕಿನ ಜಾತಿಯೂ ಇಲ್ಲಿ ಗಣನೆಗೆ ಬರುತ್ತದೆ. ಒಂದೇ ದಿಕ್ಕಿನ ಸದ್ದನ್ನು ಹೆಚ್ಚಾಗಿ ಹಿಡಿಯುವ ಮೈಕು ವಾದ್ಯಕ್ಕೆ ತೀರ ಸಮೀಪವಾದರೆ ಮಂದ್ರವನ್ನು ಅಳತೆಮೀರಿ ಉಬ್ಬಿಸುತ್ತದೆ. ಎಡಮುಖವನ್ನು ಅಂಗೈಯಿಂದ ಒತ್ತಿ ಜಾರಿಸಿ ಹೊರಡಿಸುವ ಗುಮುಕಿಯು ಆಗ ಬರಿಯ ಗುಂಯ್‌ಗುಟ್ಟುವಿಕೆಯಾಗುತ್ತದೆ. ವಾದಕನು ವರ್ಷಗಟ್ಟಲೆ ಸಾಧಿಸಿದ ಬೆರಳುಗಳ ಭೇದವೆಲ್ಲ ಕೇಳುವವನಿಗೆ ತಲುಪದೆ ಹೋಗುತ್ತದೆ. ನಷ್ಟವಾದುದು ಏನೆಂದು ಕೇಳುವವನಿಗೆ ತಿಳಿಯುವುದೂ ಇಲ್ಲ. ಮೃದಂಗವೆಂದರೆ ಇಷ್ಟೇ ಎಂದು ಅವನು ಎದ್ದುಹೋಗುತ್ತಾನೆ. ಇದನ್ನು ನಾವು ಸಣ್ಣ ನಷ್ಟವೆಂದು ಎಣಿಸುವುದಿಲ್ಲ.

‘ಹಾಗಾದರೆ ಚರ್ಮವಾದ್ಯಕ್ಕೆ ಮೈಕೇ ಬೇಡ’ ಎನ್ನುವವರೂ ಉಂಟು. ಅವರ ಮಾತನ್ನು ಪೂರ್ತಿಯಾಗಿ ನಾವು ಒಪ್ಪಲಾರೆವು. ಹೆದ್ದಾರಿಯ ಲಾರಿಗಳ ಸದ್ದಿನ ನಡುವೆ, ಸಾವಿರ ಜನ ಕುಳಿತ ಬಯಲಿನಲ್ಲಿ ಮೃದಂಗದ ಬೆರಳಾಟ ಕೊನೆಯ ಸಾಲಿಗೆ ಮುಟ್ಟಲು ಮೈಕು ಬೇಕೇ ಬೇಕು. ಗಾಜು ಮತ್ತು ಕಲ್ಲಿನ ಹಜಾರಗಳಲ್ಲಿ ಅದು ವಾದ್ಯಕ್ಕೆ ಹತ್ತಿರವಿರುವುದೂ ಅವಶ್ಯ. ಅಲ್ಲಿ ಧ್ವನಿವರ್ಧಕದ ಸದ್ದು ಗೋಡೆಗಳಿಗೆ ಬಡಿದು ಮತ್ತೆ ಮೈಕಿಗೆ ಬರುತ್ತದೆ, ಮತ್ತೆ ದೊಡ್ಡದಾಗಿ ಹೊರಡುತ್ತದೆ; ಈ ಸುತ್ತಾಟವೇ ಕೀರಲು ಕೂಗಾಗುವುದು. ಮೈಕು ಹತ್ತಿರವಿದ್ದಷ್ಟೂ ವಾದ್ಯದ ಸದ್ದು ಅದಕ್ಕೆ ಪ್ರಬಲವಾಗಿ ಸಿಗುವುದರಿಂದ ಯಂತ್ರವನ್ನು ತಗ್ಗಿನಲ್ಲಿಡಬಹುದು. ಆದರೆ ಹತ್ತು ಹನ್ನೆರಡು ಡೊಳ್ಳುಗಳು ಒಟ್ಟಿಗೆ ಮೊಳಗುವಾಗ ಪ್ರತಿಯೊಂದಕ್ಕೂ ಮೈಕು ಕಟ್ಟುವುದು ಹೊಳೆಗೆ ನೀರು ಹೊತ್ತಂತೆ. ಅಂಗಳ ವಿಶಾಲವಾಗಿದ್ದರೆ ದೂರದಲ್ಲಿ, ಎತ್ತರದಲ್ಲಿ ಒಂದೆರಡು ಮೈಕುಗಳನ್ನಿಟ್ಟರೆ ಸಾಕು.

ಎಲ್ಲಕ್ಕಿಂತ ಮುಖ್ಯವಾದುದು ಕಿವಿಯ ಪ್ರಶ್ನೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆಯಂತೆ ದಿನಕ್ಕೆ 8 ಗಂಟೆಗಳ ಕಾಲ ತಾಳಬಹುದಾದ ಸದ್ದು 85 ಡೆಸಿಬೆಲ್. ಅದಕ್ಕಿಂತ 3 ಡೆಸಿಬೆಲ್ ಹೆಚ್ಚಿದಂತೆಲ್ಲ ಕಾಲ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್ ಆದರೆ 15 ನಿಮಿಷ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಸಂಗೀತ ಸಭೆಗಳಿಗೆ ವಿಧಿಸಿದ ಮೇಲ್ಮಿತಿಯೂ 15 ನಿಮಿಷಗಳ ಸರಾಸರಿಯಲ್ಲಿ 100 ಡೆಸಿಬೆಲ್. ಪೀಣ್ಯದ ಕಾರ್ಮಿಕನು ಹಗಲೆಲ್ಲ ಪ್ರೆಸ್ಸಿನ ಬಡಿತವನ್ನೂ ಅರದ ಕೀರಲನ್ನೂ ಕೇಳಿ ದಣಿದ ಕಿವಿಯೊಂದಿಗೆ ಸಂಜೆಯ ಸಮಾರಂಭಕ್ಕೆ ಬರುತ್ತಾನೆ. ಅವನನ್ನೂ ಅವನ ಮಕ್ಕಳನ್ನೂ ಧ್ವನಿವರ್ಧಕದ ಮುಂದಿನ ಸಾಲಿನಲ್ಲಿ ಕೂರಿಸುತ್ತೇವೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಅಂಗಳದ ಗೋಡೆಯಾಚೆ ಲಗ್ಗೆರೆ, ದಾಸರಹಳ್ಳಿಗಳ ಮನೆಗಳಲ್ಲಿ ಪರೀಕ್ಷೆಗೆ ಓದುವ ವಿದ್ಯಾರ್ಥಿಗಳೂ ಇರುತ್ತಾರಷ್ಟೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಕಾನೂನು ಹೇಳುವುದಕ್ಕೆ ಮೊದಲೇ ವಿವೇಕವು ಹೇಳಬೇಕಾದ ಮಾತಿದು. ಸರಿಯಾದ ಸ್ಥಳದಲ್ಲಿ ಕಟ್ಟಿದ ಮೈಕು ಕಡಿಮೆ ಸದ್ದಿನಲ್ಲಿಯೇ ಹೆಚ್ಚು ವಾದ್ಯವನ್ನು ಕೇಳಿಸುತ್ತದೆ; ತಪ್ಪಾಗಿ ಕಟ್ಟಿದ್ದು ಹೆಚ್ಚು ಸದ್ದಿನಲ್ಲಿ ಕಡಿಮೆ ವಾದ್ಯವನ್ನು.

ಆದುದರಿಂದ ನಮ್ಮ ಸೂಚನೆ ಮೂರು. ಕಾರ್ಯಕ್ರಮಕ್ಕೆ ಮೊದಲು ಅರ್ಧ ಗಂಟೆಯನ್ನು ವಾದಕರಿಗೂ ಯಂತ್ರದವರಿಗೂ ಒಟ್ಟಿಗೆ ಕೊಡಬೇಕು. ಅಧ್ಯಕ್ಷರ ಹಾರತುರಾಯಿಗಳಿಗೆ ಅಷ್ಟು ಹೊತ್ತು ಸಿಗುವಾಗ ಇದಕ್ಕೇಕೆ ಸಿಗಬಾರದು? ಎರಡನೆಯದಾಗಿ, ಯಂತ್ರದವರು ತಮ್ಮ ಆಸನ ಬಿಟ್ಟೆದ್ದು ಕೊನೆಯ ಸಾಲಿನಲ್ಲಿ ನಿಂತು ಕೇಳಬೇಕು. ಮೂರನೆಯದಾಗಿ, ‘ಇದು ನನ್ನ ವಾದ್ಯದ ನಾದ ಹೌದು’ ಎಂದು ವಾದಕನು ಒಪ್ಪುವವರೆಗೆ ಮೈಕನ್ನು ಸರಿಸಬೇಕು. ಅದಕ್ಕೆ ಮುಂಚೆ ಸದ್ದಿನ ಗುಂಡಿಯನ್ನು ಮುಟ್ಟಬಾರದು.

ವಿದ್ಯಾರ್ಥಿಗಳು ಈ ಮಾತನ್ನು ನಮ್ಮ ಹೇಳಿಕೆಯ ಮೇಲೆ ನಂಬಬೇಕಾಗಿಲ್ಲ. ಕಾಲೇಜಿನಲ್ಲಿರುವ ಒಂದು ಮೃದಂಗವನ್ನೋ ತಬಲವನ್ನೋ ತೆಗೆದುಕೊಳ್ಳಿ. ಮೊಬೈಲ್ ಫೋನನ್ನು ಚರ್ಮದ ನಡುವಿನಿಂದ ನಾಲ್ಕು ಬೆರಳು ಮೇಲೆ, ಬಳಿಕ ಅಂಚಿನ ಮೇಲೆ, ಬಳಿಕ ಎರಡು ಮಾರು ದೂರದಲ್ಲಿ ಹಿಡಿದು ಅದೇ ಪಾಠವನ್ನು ಮೂರು ಸಲ ಮುದ್ರಿಸಿಕೊಳ್ಳಿ. ಫೋನು ತಾನಾಗಿಯೇ ಸದ್ದನ್ನು ಏರಿಸಿ ಇಳಿಸುವುದುಂಟು; ಆದ್ದರಿಂದ ಜೋರನ್ನಲ್ಲ, ನಾದದ ಬಣ್ಣವನ್ನು ಹೋಲಿಸಿ ನೋಡಿ. ವಾದ್ಯ ಒಂದೇ ಆದರೂ ಕೇಳಿಬರುವ ಮೃದಂಗಗಳು ಮೂರು!

ವಿದ್ಯುನ್ಮಾನವೇ ಉಸಿರಾಗಿರುವ ಪ್ರದೇಶ ನಮ್ಮದು. ಮೃದಂಗದ ಗಣಿತವನ್ನು ಲೋಕಕ್ಕೆ ತೋರಿಸಿದ ವಿಜ್ಞಾನಿ ಬಾಳಿದ ಊರೂ ಇದೇ. ಇಂಥ ಸ್ಥಳದಲ್ಲಿ ಡೊಳ್ಳು ಡಬ್ಬವಾಗಿ ಕೇಳಿಸಿದರೆ ಅದಕ್ಕೆ ಯಂತ್ರವನ್ನು ದೂರುವಂತಿಲ್ಲ. ಮುಂದಿನ ರಾಜ್ಯೋತ್ಸವದ ವೇದಿಕೆಯಲ್ಲಿ ಮೈಕು ಕಟ್ಟುವ ಕೈ ನಿಮ್ಮದಾಗಿರಬಹುದು. ಕಟ್ಟುವ ಮೊದಲು ಒಂದು ಗಳಿಗೆ ವಾದ್ಯದ ಪಕ್ಕದಲ್ಲಿ ನಿಂತು ಬರಿಗಿವಿಯಿಂದ ಕೇಳಿರಿ.