ಪ್ರಮಾಣಪತ್ರ ಮತ್ತು ಪರಿಣತಿ

ಒಂದು ಕಾಲಕ್ಕೆ ಭದ್ರಾವತಿಯ ಮನೆಗಳಲ್ಲಿ ಮಗನ ಭವಿಷ್ಯವೆಂದರೆ ಕಬ್ಬಿಣದ ಕಾರ್ಖಾನೆ, ಇಲ್ಲವೇ ಕಾಗದದ ಕಾರ್ಖಾನೆ. 1923ರಲ್ಲಿ ಕುಲುಮೆ ಹೊತ್ತಿಸಿದ ಈ ಊರಿನಲ್ಲಿ ಕಾಗದದ ಯಂತ್ರಗಳು 2015ರಲ್ಲಿ ನಿಂತವು. ಇಂದು ಆ ಮನೆಗಳ ಮಕ್ಕಳು ನೆಟ್‌ವರ್ಕಿಂಗ್ ಕಲಿಯಲು ಶಿವಮೊಗ್ಗದತ್ತ ಹೊರಟಿದ್ದಾರೆ. ತಂದೆಯ ನಿವೃತ್ತಿಯ ಹಣ ಶುಲ್ಕವಾಗುತ್ತಿದೆ. ಆದುದರಿಂದ ಕೆಲವು ಮಾತು ಹೇಳಬಯಸುತ್ತೇವೆ.

ಸಿಸ್ಕೋ ಕಂಪನಿ 1998ರಲ್ಲಿ ಆರಂಭಿಸಿದ ಸಿ.ಸಿ.ಎನ್.ಎ. ಪರೀಕ್ಷೆಗೆ ಪದವಿಯಾಗಲಿ, ತರಬೇತಿ ಕೇಂದ್ರದ ಹಾಜರಾತಿಯಾಗಲಿ ಕಡ್ಡಾಯವಲ್ಲ. ಇದನ್ನು ಎಷ್ಟು ಮಂದಿ ಪಾಲಕರು ಬಲ್ಲರು? ಪ್ರಮಾಣಪತ್ರದ ಅವಧಿಯೂ ಮೂರೇ ವರ್ಷ, ಬಳಿಕ ನವೀಕರಿಸಬೇಕು. ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ರೂಟರ್, ಸ್ವಿಚ್ ಕೊಳ್ಳದೆಯೇ ಅದರಲ್ಲಿ ಜಾಲವನ್ನು ಕಟ್ಟಬಹುದು, ಬೇಕೆಂದೇ ಕೆಡಿಸಬಹುದು, ಮತ್ತೆ ಸರಿಪಡಿಸಬಹುದು. ಈ ಕೆಡಿಸಿ ಸರಿಪಡಿಸುವುದೇ ನಿಜವಾದ ಪಾಠವೆಂದು ನಮ್ಮ ಅಭಿಪ್ರಾಯ.

ಸೋರಿದ ಪ್ರಶ್ನೋತ್ತರಗಳನ್ನು ಕೊಂಡು ಬಾಯಿಪಾಠ ಮಾಡುವವರೂ ಇದ್ದಾರೆ. ಸಿಕ್ಕಿಬಿದ್ದರೆ ಪ್ರಮಾಣಪತ್ರವೇ ರದ್ದಾದೀತು. ಸಿಕ್ಕಿಬೀಳದವನ ಪಾಡು ಇನ್ನೂ ಕಷ್ಟ: ಅವನನ್ನು ನಂಬಿದ ಆಸ್ಪತ್ರೆಯೊಂದರ ಜಾಲ ನಡುರಾತ್ರಿ ನಿಂತರೆ, ಉರು ಹೊಡೆದ ಉತ್ತರಗಳಲ್ಲಿ ಯಾವುದನ್ನು ಒಪ್ಪಿಸುವನು?

ಮೊದಲ ನೌಕರಿ ಬಹುಪಾಲು ಕೇಬಲ್ ಎಳೆಯುವುದು, ದೂರು ಆಲಿಸುವುದು. ಇದನ್ನು ಮಕ್ಕಳಿಗೆ ಮುಂಚಿತವಾಗಿಯೇ ತಿಳಿಸಿರಿ. ಶುಲ್ಕ ಕಟ್ಟುವ ಮುನ್ನ, ಆ ಕೇಂದ್ರದಲ್ಲಿ ಕಲಿತು ಕೆಲಸ ಹಿಡಿದ ಇಬ್ಬರನ್ನಾದರೂ ಕಂಡು ಮಾತನಾಡಬೇಕೆಂದು ಪಾಲಕರಲ್ಲಿ ವಿನಂತಿಸುತ್ತೇವೆ.