ಬೆಲ್ಟಿನ ಬಣ್ಣವೂ ಆತ್ಮರಕ್ಷಣೆಯೂ

ಮಕ್ಕಳಿಗೆ ಆತ್ಮರಕ್ಷಣೆಯ ವಿದ್ಯೆ ಕಲಿಸುವುದು ಅಹಿಂಸಾಧರ್ಮಕ್ಕೆ ವಿರುದ್ಧವೆಂಬ ಆಕ್ಷೇಪಕ್ಕೆ ದೀರ್ಘ ಉತ್ತರ ಬೇಕಿಲ್ಲ. ಶ್ರಾವಕನಿಗೆ ಸಂಕಲ್ಪೀ ಹಿಂಸೆ ಸರ್ವಥಾ ತ್ಯಾಜ್ಯ. ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವಾಗ ಅನಿವಾರ್ಯವಾಗಿ ಒದಗುವ ವಿರೋಧೀ ಹಿಂಸೆಯನ್ನು ನಮ್ಮ ಆಚಾರವು ಬೇರೆಯಾಗಿಯೇ ಎಣಿಸಿದೆ. ವಿವಾದವಿರುವುದು ಯಾವ ವಿದ್ಯೆ ಎಂಬುದರಲ್ಲಿ.

ಸಭಾಭವನವನ್ನು ಕರಾಟೆ ತರಗತಿಗೆ ಬಿಟ್ಟುಕೊಡುವ ವಿಶ್ವಸ್ತರೂ ಶುಲ್ಕ ತೆರುವ ತಂದೆತಾಯಿಗಳೂ ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಬ್ಲ್ಯಾಕ್ ಬೆಲ್ಟ್ ಬರಲು ಎಷ್ಟು ವರ್ಷ? ನೂಲು ಮುಟ್ಟಿ ನೋಡದೆ ಥಾನು ಕೊಳ್ಳದ ವರ್ತಕನೂ ಇಲ್ಲಿ ಬಣ್ಣಕ್ಕೇ ಮರುಳಾಗುತ್ತಾನೆ. ಗಾಳಿಗೆ ಗುದ್ದಿ ಪಡೆದ ಬೆಲ್ಟು ಹುಡುಗಿಗೆ ಧೈರ್ಯ ಕೊಡುತ್ತದೆ, ರಕ್ಷಣೆ ಕೊಡುವುದಿಲ್ಲ. ಅಂಥ ಧೈರ್ಯ ಅಂಜಿಕೆಗಿಂತಲೂ ಅಪಾಯಕರ.

ಪರೀಕ್ಷಿಸಬೇಕಾದುದು ಬೇರೆ: ಎದುರಾಳಿ ಮನಸಾರೆ ಪ್ರತಿರೋಧಿಸುವಾಗಲೂ ಅಭ್ಯಾಸ ನಡೆಯುತ್ತದೆಯೇ? 1882ರಲ್ಲಿ ಟೋಕಿಯೋದಲ್ಲಿ ಕೊಡೋಕಾನ್ ಜೂಡೋ ಶಾಲೆಯನ್ನು ಸ್ಥಾಪಿಸಿದ ಜಿಗೊರೊ ಕಾನೊ ಈ ಮರ್ಮವನ್ನು ಅರಿತಿದ್ದರು. ಗಾಯಗೊಳಿಸುವ ಪಟ್ಟುಗಳನ್ನು ಬದಿಗಿಟ್ಟು, ಉಳಿದವನ್ನು ಪೂರ್ಣಬಲದಿಂದ ಸೆಣಸಿ ಕಲಿಯುವ 'ರಾಂಡೋರಿ'ಗೆ ಅವರು ಪ್ರಾಧಾನ್ಯ ಕೊಟ್ಟರು. ಕಣ್ಣಿಗೆ ಚುಚ್ಚುವ 'ಮಾರಕ' ವಿದ್ಯೆಯನ್ನು ಸಹಪಾಠಿಯ ಮೇಲೆ ಯಾರೂ ನಿಜವಾಗಿ ಅಭ್ಯಸಿಸಲಾರರು. ಅಭ್ಯಸಿಸದ ವಿದ್ಯೆ ಆಪತ್ತಿಗೆ ಒದಗದು. ಮಾರಕವಲ್ಲದ ವಿದ್ಯೆಯೇ ಹೆಚ್ಚು ಉಪಯುಕ್ತವಾಗುವ ಈ ವೈಚಿತ್ರ್ಯವನ್ನು ಅಹಿಂಸಾವಾದಿಗಳೇ ಗಮನಿಸದಿರುವುದು ಆಶ್ಚರ್ಯ.

1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಬೇರೆ ಬೇರೆ ಶೈಲಿಯವರನ್ನು ಎದುರುಬದುರು ನಿಲ್ಲಿಸಿದ ಸ್ಪರ್ಧೆಯಲ್ಲಿ, ತೆಳ್ಳನೆಯ ಮೈಕಟ್ಟಿನ ರಾಯ್ಸ್ ಗ್ರೇಸಿ ಬ್ರೆಜಿಲಿನ ಜಿಜಿತ್ಸುವಿನಿಂದ ಒಂದೇ ರಾತ್ರಿ ಮೂವರನ್ನು ಶರಣಾಗಿಸಿದರು. ಆ ಕ್ರೂರ ಪ್ರದರ್ಶನವನ್ನು ಮೆಚ್ಚಬೇಕಿಲ್ಲ. ಏರ್ಪಡಿಸಿದವರಲ್ಲಿ ಅವರ ಅಣ್ಣನೂ ಇದ್ದರೆಂಬುದನ್ನು ಮರೆಯಬೇಕಾಗಿಯೂ ಇಲ್ಲ. ಆದರೂ ಹಿಡಿತದ ವಿದ್ಯೆ ಹೊಡೆತದ ವಿದ್ಯೆಗಿಂತ ಕೀಳೆಂಬ ಭ್ರಮೆ ಅಂದು ಕಳಚಿತು.

ಕರಾಟೆಯೆಲ್ಲ ವ್ಯರ್ಥವೆಂದಲ್ಲ. ಮೈಗೆ ಮೈ ತಾಗಿಸಿ ಹೋರಾಡುವ ಕ್ಯೊಕುಶಿನ್ ಶಾಖೆ ಅದಕ್ಕೆ ಅಪವಾದ. ಟೇಕ್ವಾಂಡೋ ಕ್ರೀಡೆಯಲ್ಲಿ ಮುಖಕ್ಕೆ ಮುಷ್ಟಿಪ್ರಹಾರ ನಿಷಿದ್ಧ. ಆದ್ದರಿಂದ ಮುಖಕ್ಕೆ ಕೈ ಅಡ್ಡ ಹಿಡಿಯುವ ರೂಢಿ ಸಡಿಲವಾಗುತ್ತದೆ. ಬೀದಿಯಲ್ಲಿ ಮೊದಲ ಪೆಟ್ಟು ಬೀಳುವುದು ಅಲ್ಲಿಗೇ. ಹಿಡಿತದ ವಿದ್ಯೆಗೂ ಮಿತಿಯಿದೆ. ಚೂರಿ ಹಿಡಿದವನ ಮುಂದೆ, ನಾಲ್ವರ ನಡುವೆ ನೆಲಕ್ಕುರುಳುವುದು ಅವಿವೇಕ. ಅಲ್ಲಿ ಓಡುವುದೇ ವಿದ್ಯೆ.

ಹಿಡಿತಕ್ಕೆ ಅಳತೆಯಿದೆ, ಹೊಡೆತಕ್ಕೆ ಅದು ಕಷ್ಟ. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲವೆಂದು, 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 37ನೆಯ ಕಲಮೂ ವಿಧಿಸುತ್ತದೆ. ಮಲ್ಲಯುದ್ಧದಲ್ಲಿ ಭರತನನ್ನು ಮೇಲೆತ್ತಿದ ಬಾಹುಬಲಿ ಅಣ್ಣನನ್ನು ನೆಲಕ್ಕಪ್ಪಳಿಸಲಿಲ್ಲ. ಅವನ ಮೂರ್ತಿಗೆ ಕೈಮುಗಿಯುವ ಮನೆಗಳಲ್ಲಿ ಕುಸ್ತಿಯ ಗರಡಿ ಮಾತ್ರ ಒರಟರ ತಾಣವೆನಿಸಿಕೊಂಡಿದೆ!

ಸಭಾಭವನದ ಕೀಲಿಕೈ ಕೊಡುವ ಮುನ್ನ ವಿಶ್ವಸ್ತರು ಒಂದು ಸಂಜೆ ತರಗತಿಯಲ್ಲಿ ಕುಳಿತು ನೋಡಲಿ. ಎದುರು ನಿಂತ ಹುಡುಗ ಬೀಳಲೊಲ್ಲದೆ ಸೆಣಸುತ್ತಿದ್ದಾನೆಯೇ, ಅಥವಾ ಗುರುಗಳು ಹೇಳಿದೊಡನೆ ತಾನಾಗಿಯೇ ಬೀಳುತ್ತಿದ್ದಾನೆಯೇ?